ರೈತನ ಚಿಂತೆಗೂ ಮುಯ್ಯಾಳು ಬೇಕು

ಕೃಷಿ ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ತೊಗರಿಯ ತಳಿ, ಗೊಬ್ಬರದ ಪ್ರಮಾಣ, ಔಷಧಿ ಸಿಂಪರಣೆಯ ಕಾಲ ಇವುಗಳನ್ನು ಓದಿ ರೂಢಿಯಾದ ರೈತ ಬಾಂಧವರಿಗೆ ಈ ಲೇಖನದ ವಿಷಯ ತುಸು ವಿಚಿತ್ರವೆನಿಸಬಹುದು. ಬೇಸಾಯಶಾಸ್ತ್ರ ಓದಿದವನಿಗೆ ಮನಸ್ಸಿನ ಮಾತೇಕೆ, ಅದು ವೈದ್ಯರ ಕೆಲಸವಲ್ಲವೇ ಎಂದು ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಕೇಳಿದ್ದೂ ಉಂಟು. ಯಾವಾಗ ಬಿತ್ತಬೇಕು, ಯಾವಾಗ ಸಿಂಪಡಿಸಬೇಕು, ಎಷ್ಟಕ್ಕೆ ಮಾರಬೇಕು ಎಂಬ ನಿರ್ಣಯಗಳೆಲ್ಲ ಆಗುವುದು ರೈತನ ಮನಸ್ಸಿನಲ್ಲಿ. ಆ ಮನಸ್ಸು ದಣಿದು ಕುಳಿತಿದ್ದರೆ ನಾವು ಬರೆದ ಶಿಫಾರಸುಗಳು ಕಾಗದದಲ್ಲಿಯೇ ಉಳಿಯುತ್ತವೆ. ಆದ್ದರಿಂದ ಇದು ಬೇಸಾಯದ ವಿಷಯವೇ ಎಂದು ನಾನು ತಿಳಿದಿದ್ದೇನೆ.

ಅಫಜಲಪುರ ತಾಲ್ಲೂಕಿನ ಘತ್ತರಗಿಯನ್ನು ತೆಗೆದುಕೊಳ್ಳಿ. ಭೀಮಾ ನದಿಯ ದಂಡೆಯ ಊರು. ಭಾಗ್ಯವಂತಿ ದೇವಿಯ ದರ್ಶನಕ್ಕೆ ದೂರದೂರದಿಂದ ಜನ ಬರುತ್ತಾರೆ; ಬಂದವರು ತಮ್ಮ ಮನಸ್ಸಿನ ಭಾರವನ್ನು ದೇವಿಯ ಮುಂದೆ ಇಳಿಸಿ ಹೋಗುತ್ತಾರೆ. ನದಿಯ ಸಮೀಪದಲ್ಲಿ ಕಬ್ಬು, ಮೇಲಿನ ಎರೆ ಹೊಲಗಳಲ್ಲಿ ತೊಗರಿ, ಹಿಂಗಾರಿಗೆ ಬಿಳಿಜೋಳ, ಕಡಲೆ. ಆಳಂದ ಮತ್ತು ಜೇವರ್ಗಿ ತಾಲ್ಲೂಕುಗಳ ಕಥೆಯೂ ಹೆಚ್ಚು ಬೇರೆಯಲ್ಲ. ಈ ಭಾಗದ ರೈತನಿಗೆ ಕಷ್ಟ ಒಂದೇ ಬಾಗಿಲಿನಿಂದ ಬರುವುದಿಲ್ಲ. 1997-98ರಲ್ಲಿ ಕಾಯಿಕೊರಕ ಹುಳು ತೊಗರಿಯನ್ನು ಬರಿದು ಮಾಡಿತು. ಕಲಬುರಗಿ, ಬೀದರ ಜಿಲ್ಲೆಗಳ ರೈತರ ಆತ್ಮಹತ್ಯೆಗಳು ನಾಡಿನ ಗಮನಕ್ಕೆ ಬಂದದ್ದು ಆ ಹಂಗಾಮಿನಲ್ಲಿಯೇ. 2016-17ರಲ್ಲಿ ಬೆಳೆ ಚೆನ್ನಾಗಿ ಬಂದಿತು, ಬೆಲೆ ಬಿದ್ದಿತು. ಬೋನಸ್ ಸೇರಿ ಕ್ವಿಂಟಲಿಗೆ 5,050 ರೂಪಾಯಿ ಬೆಂಬಲ ಬೆಲೆ ಇದ್ದರೂ ಪೇಟೆಯಲ್ಲಿ ಅದಕ್ಕಿಂತ ಕಡಿಮೆಗೆ ಕೊಟ್ಟು ಬಂದವರು ಬಹಳ ಜನ. 2020ರ ಅಕ್ಟೋಬರದಲ್ಲಿ ಭೀಮೆ ಉಕ್ಕಿ ಘತ್ತರಗಿಯ ಸೇತುವೆ, ಗುಡಿ, ದಂಡೆಯ ಹೊಲಗಳೆಲ್ಲ ನೀರಿನಲ್ಲಿ ನಿಂತವು. 2022ರ ಹಂಗಾಮಿನಲ್ಲಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಡಿಯಿತು. 2025ರ ಸೆಪ್ಟೆಂಬರದಲ್ಲಿ ಮತ್ತೆ ಪ್ರವಾಹ.

ಈ ಪಟ್ಟಿಯನ್ನು ಭಯ ಹುಟ್ಟಿಸಲು ಕೊಟ್ಟಿಲ್ಲ. ನಾಲ್ಕಾರು ವರ್ಷಕ್ಕೊಮ್ಮೆ ಬಂದೇ ಬರುವ ಸಂಗತಿಯನ್ನು ಆಕಸ್ಮಿಕ ಎನ್ನಲು ಬರುವುದಿಲ್ಲ. ಅದಕ್ಕೆ ಮುಂಚಿತವಾದ ಸಿದ್ಧತೆ ಇರಬೇಕು. ತೊಗರಿ ಬಿತ್ತುವ ಮುನ್ನ ಪ್ರತಿ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಿರಿ ಎಂದು ನಾವು ಹೇಳುತ್ತೇವೆ. ಹೂವಾಡುವ ಗಿಡ ಬಾಡಿದ ಮೇಲೆ ಬೀಜೋಪಚಾರ ಮಾಡಲು ಬರುವುದಿಲ್ಲವಷ್ಟೇ! ನೆಟೆ ರೋಗದ ಶಿಲೀಂಧ್ರ ಬೇರಿನೊಳಗೆ ಸೇರುವುದು ಬಹಳ ಮೊದಲು. ಮೇಲೆ ಗಿಡ ಹಸಿರಾಗಿಯೇ ನಿಂತಿರುತ್ತದೆ. ಹೂ-ಕಾಯಿ ಕಟ್ಟುವ ಹೊತ್ತಿಗೆ ಒಮ್ಮೆಲೇ ಬಾಡಿದಂತೆ ಕಾಣುತ್ತದೆ. ಸಿಪ್ಪೆ ಸುಲಿದು ನೋಡಿದರೆ ಕಾಂಡದ ಒಳಗೆ ಕಪ್ಪು ಗೆರೆಗಳು ಕಾಣುತ್ತವೆ. ಮನುಷ್ಯನ ಚಿಂತೆಯ ಸಂಗತಿಯೂ ಬಹುಮಟ್ಟಿಗೆ ಹೀಗೆಯೇ. ನಿನ್ನೆ ಸಂಜೆಯವರೆಗೆ ಚಹಾದಂಗಡಿಯಲ್ಲಿ ನಗುತ್ತಿದ್ದವನು ಇಂದು ಹೀಗೆ ಮಾಡಿಕೊಂಡನೇ ಎಂದು ಊರು ಆಶ್ಚರ್ಯಪಡುತ್ತದೆ. ಹೀಗಾಗುವ ಬಹುಪಾಲು ಮನೆಗಳಲ್ಲಿ ಮೊದಲೇ ನಿದ್ದೆ ಹೋಗಿರುತ್ತದೆ, ಊಟ ಕಡಿಮೆಯಾಗಿರುತ್ತದೆ, ಮಾತು ನಿಂತಿರುತ್ತದೆ. ಸಿಪ್ಪೆ ಸುಲಿದು ನೋಡಿದವರಿರುವುದಿಲ್ಲ.

ಸಾವಿನ ಮಾತು ಹಾಗಿರಲಿ. ಸಾಯದೆ ಬದುಕಿರುವ ಸಾವಿರಾರು ಜನರ ಬೇಸಾಯ ಚಿಂತೆಯಿಂದ ಹೇಗೆ ಕೆಡುತ್ತದೆ ಎಂಬುದನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ. ಕಾಯಿಕೊರಕಕ್ಕೆ ಪ್ರತಿ ಗಿಡಕ್ಕೆ 2 ಮೊಟ್ಟೆ ಅಥವಾ 1 ಕೀಡೆ ಕಂಡಾಗ ಸಿಂಪರಣೆ ಮಾಡಿರಿ ಎಂಬುದು ನಮ್ಮ ಶಿಫಾರಸು. ಆದರೆ ಹಿಂದಿನ ವರ್ಷ ಬೆಳೆ ಕಳೆದುಕೊಂಡ ರೈತನಿಗೆ ಎಣಿಸುವ ತಾಳ್ಮೆ ಇರುವುದಿಲ್ಲ. ಬಾಜೂ ಹೊಲದವನು ಎಣ್ಣೆ ಹೊಡೆದನೆಂದು ತಾನೂ ಹೊಡೆಯುತ್ತಾನೆ. ಎಂಟು ದಿನಕ್ಕೆ ಮತ್ತೊಮ್ಮೆ, ಮತ್ತೆರಡು ಔಷಧಿ ಕೂಡಿಸಿ ಮಗದೊಮ್ಮೆ. ಇದರಲ್ಲಿ ಅರ್ಧ ಕೀಟದ ಭಯ, ಅರ್ಧ ಸಾಲದ ಭಯ. ರಾಶಿ ಮಾಡಿದ ವಾರದಲ್ಲಿಯೇ ಸಿಕ್ಕ ಬೆಲೆಗೆ ಚೀಲ ಸಾಗಿಸುವುದು, ಎರಡು ಕೊಳವೆಬಾವಿ ಬತ್ತಿದ ಮೇಲೆ ಮೂರನೆಯದನ್ನು ಹಟದಿಂದ ಕೊರೆಸುವುದು, ವಿಮೆಯ ಅರ್ಜಿಯ ಕೊನೆಯ ದಿನ ಮರೆತು ಕುಳಿತುಬಿಡುವುದು, ಸಂಜೆಯಾದರೆ ಶೆರೆ ಅಂಗಡಿಯ ಕಡೆ ಕಾಲು ಹೊರಳುವುದು, ಇವೆಲ್ಲ ಆ ಭಯದ ಮಕ್ಕಳೇ. ಭಯದಲ್ಲಿ ಮಾಡಿದ ಖರ್ಚು ಮುಂದಿನ ಭಯಕ್ಕೆ ಗೊಬ್ಬರವಾಗುತ್ತದೆ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಕೀಟಶಾಸ್ತ್ರಜ್ಞ ಡಾ. ಜಿ. ಕೆ. ವೀರೇಶ್ ಅವರ ಅಧ್ಯಕ್ಷತೆಯ ತಜ್ಞರ ಸಮಿತಿ ರೈತರ ಆತ್ಮಹತ್ಯೆಗಳ ಬಗ್ಗೆ 2002ರಲ್ಲಿ ರಾಜ್ಯ ಸರ್ಕಾರಕ್ಕೆ ವರದಿ ಕೊಟ್ಟಿತು. ಸಾಲವೊಂದೇ ಕಾರಣವಲ್ಲ, ಬೆಳೆ ನಷ್ಟ, ಕುಡಿತ, ಕುಟುಂಬದ ಕಲಹ, ಒಂಟಿತನ ಮೊದಲಾದ ಹಲವು ಕಾರಣಗಳು ಒಂದರ ಮೇಲೊಂದು ಬೀಳುತ್ತವೆ ಎಂಬುದು ಅದರ ಒಟ್ಟು ಧೋರಣೆ. ಸರ್ಕಾರದ ಹೊಣೆಯನ್ನು ರೈತನ ತಲೆಗೆ ಕಟ್ಟಿದರೆಂದು ರೈತ ಸಂಘಟನೆಗಳು ಸಿಟ್ಟಾದವು. ನನ್ನ ಅಭಿಪ್ರಾಯದಲ್ಲಿ ಆ ಸಿಟ್ಟಿನಲ್ಲಿ ಅರ್ಥವಿತ್ತು. ಬೆಲೆಯ, ನೀರಿನ, ವಿಮೆಯ ಪ್ರಶ್ನೆಗಳನ್ನು ಹಿಂದಕ್ಕೆ ತಳ್ಳಿ ರೈತನಿಗೆ ಬರೀ ಧೈರ್ಯ ಹೇಳುವುದು ಅನ್ಯಾಯ. ಆದರೆ ಸಾಲ ಹೊತ್ತ ಇಬ್ಬರಲ್ಲಿ ಒಬ್ಬ ನಿಲ್ಲುತ್ತಾನೆ, ಒಬ್ಬ ಕುಸಿಯುತ್ತಾನೆ ಎಂಬುದೂ ನಿಜ. ನಿಂತವನ ಹಿಂದೆ ಬಹಳ ಸಲ ಅವನ ಮಾತು ಕೇಳಿದ ನಾಲ್ಕು ಜನರಿರುತ್ತಾರೆ ಎಂಬುದೂ ನಿಜ. ಎರಡನ್ನೂ ಒಟ್ಟಿಗೆ ಹೇಳಲು ಏಕೆ ಬರಬಾರದು?

ಧೈರ್ಯ ಹೇಳುವ ವಿಷಯ ಬಂದಿತೆಂದು ಒಂದು ಮಾತು. ಯಾವುದಾದರೂ ಊರಿನಲ್ಲಿ ಅನಾಹುತವಾದ ಮೇಲೆ ರೈತರಿಗೆ ಆತ್ಮಸ್ಥೈರ್ಯ ತುಂಬುವ ಕಾರ್ಯಕ್ರಮ ಎಂದು ಪೆಂಡಾಲು ಹಾಕುವುದುಂಟು. ವೇದಿಕೆಯ ಮೇಲೆ ಹನ್ನೆರಡು ಜನ, ಹಾರ-ಶಾಲು, ಎರಡು ತಾಸು ಭಾಷಣ. ಕೆಳಗೆ ಕುಳಿತ ರೈತನಿಗೆ ಬಾಯಿ ತೆರೆಯಲು ಎರಡು ನಿಮಿಷವೂ ಸಿಗುವುದಿಲ್ಲ. ಸ್ಥೈರ್ಯವೇನು ಚೀಲದಲ್ಲಿ ತುಂಬುವ ಗೊಬ್ಬರವೇ? ಎತ್ತರದಿಂದ ಸುರಿದ ಮಾತು ಇಳಿಜಾರಿನ ಹೊಲದ ಮಳೆಯಂತೆ ಹರಿದುಹೋಗುತ್ತದೆ.

ನಾನು ಸೂಚಿಸುವುದು ಬೇರೆ ರೀತಿಯ ಕೂಟ. ಒಂದೇ ಬಗೆಯ ಬೇಸಾಯ, ಒಂದೇ ಬಗೆಯ ಕಷ್ಟ ಇರುವ ಎಂಟರಿಂದ ಹನ್ನೆರಡು ಜನ, ಹದಿನೈದು ದಿನಕ್ಕೊಮ್ಮೆ, ಒಂದು ಗೊತ್ತಾದ ಜಾಗದಲ್ಲಿ, ಒಂದೂವರೆ ತಾಸು ಸುತ್ತುಗಟ್ಟಿ ಕೂಡ್ರುವುದು. ಪ್ರತಿಯೊಬ್ಬರೂ ತಮ್ಮ ಮನಸ್ಸಿನ ಸ್ಥಿತಿ ಹೇಳುವುದು, ಉಳಿದವರು ಕೇಳುವುದು, ಚಿಂತೆಯನ್ನು ಹೇಗೆ ಹಿಡಿದು ನಡೆಸಬೇಕೆಂಬುದನ್ನು ಒಬ್ಬರಿಂದೊಬ್ಬರು ಕಲಿಯುವುದು. ಇಷ್ಟೇ. ನಮ್ಮಲ್ಲಿ ಮುಯ್ಯಾಳು ಪದ್ಧತಿ ಇತ್ತು, ಕೆಲವು ಕಡೆ ಇಂದಿಗೂ ಇದೆ. ಇಂದು ನಿನ್ನ ಹೊಲದ ಕಳೆ, ನಾಳೆ ನನ್ನ ಹೊಲದ ಕಳೆ, ಕೂಲಿಯ ಮಾತಿಲ್ಲ. ಈ ಕೂಟವೂ ಅಂಥದೇ. ಇಂದು ನನ್ನ ಮಾತು ನೀನು ಕೇಳು, ಮುಂದಿನ ಸಲ ನಿನ್ನ ಮಾತು ನಾನು ಕೇಳುತ್ತೇನೆ. (ಭಾಷಣಕಾರರು ಇಲ್ಲಿ ಕಲ್ಯಾಣದ ಅನುಭವ ಮಂಟಪವನ್ನು ತಂದೇ ತರುತ್ತಾರೆ. ಅಷ್ಟು ದೊಡ್ಡ ಹೆಸರನ್ನು ನಮ್ಮ ಸಣ್ಣ ಕೂಟಕ್ಕೆ ನಾನು ಹಚ್ಚುವುದಿಲ್ಲ.)

ರೈತರು ಹೀಗೆ ಗುಂಪಾಗಿ ಕುಳಿತು ಕಲಿಯುವುದು ಹೊಸದಲ್ಲ. 1956ರಲ್ಲಿ ಆಕಾಶವಾಣಿಯ ಪುಣೆ ಕೇಂದ್ರವು ಯುನೆಸ್ಕೋ ನೆರವಿನಿಂದ ಮಹಾರಾಷ್ಟ್ರದ ಐದು ಜಿಲ್ಲೆಗಳ ಹಳ್ಳಿಗಳಲ್ಲಿ ರೇಡಿಯೋ ಗ್ರಾಮ ಚರ್ಚಾ ಮಂಡಲಗಳನ್ನು ನಡೆಸಿತು. ಕಾರ್ಯಕ್ರಮ ಕೇಳಿದ ಮೇಲೆ ಅಲ್ಲಿಯೇ ಕುಳಿತು ಚರ್ಚೆ ಮಾಡುವುದು ಪದ್ಧತಿ. ಬರೀ ರೇಡಿಯೋ ಇದ್ದ ಹಳ್ಳಿಗಳಿಗಿಂತ ಚರ್ಚಾ ಮಂಡಲವಿದ್ದ ಹಳ್ಳಿಗಳಲ್ಲಿ ಜನರ ತಿಳಿವಳಿಕೆ ಬಹಳ ಹೆಚ್ಚಿತೆಂದು ಆಗಿನ ಪರೀಕ್ಷೆಯಲ್ಲಿ ಕಂಡುಬಂದಿತು. ನಮ್ಮ ರಾಜ್ಯದಲ್ಲಿ ಮೈರಾಡ ಸಂಸ್ಥೆ 1980ರ ದಶಕದಲ್ಲಿ ಕಟ್ಟಿದ ಸಣ್ಣ ಉಳಿತಾಯ ಗುಂಪುಗಳು ಮುಂದೆ ದೇಶಕ್ಕೆಲ್ಲ ಸ್ವಸಹಾಯ ಸಂಘಗಳ ಮಾದರಿಯಾದವು; ನಬಾರ್ಡ್ 1992ರಲ್ಲಿ ಅವುಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಆರಂಭಿಸಿತು. ಇಂದು ಹಳ್ಳಿಹಳ್ಳಿಯಲ್ಲೂ ಹೆಣ್ಣುಮಕ್ಕಳ ಸಂಘಗಳಿವೆ. ಉಳಿತಾಯದ ಹಣ ಎಣಿಸಿದ ಮೇಲೆ ಅವರು ಎದ್ದು ಹೋಗುವುದಿಲ್ಲ ಎಂಬುದನ್ನು ಗಮನಿಸಿರಿ. ಮನೆಯ ಮಾತು, ಮಗಳ ಮಾತು, ಗಂಡನ ಕುಡಿತದ ಮಾತು ಹೊರಬರುತ್ತದೆ. ಒಬ್ಬಳು ಅಳುತ್ತಾಳೆ, ಇನ್ನೊಬ್ಬಳು ಬೆನ್ನು ಸವರುತ್ತಾಳೆ. ಗಂಡಸರಿಗೆ ಇಂಥ ಜಾಗ ಯಾವುದಿದೆ? ಅಗಸಿ ಕಟ್ಟೆಯ ಮೇಲೆ ರಾಜಕೀಯ, ಚಹಾದಂಗಡಿಯಲ್ಲಿ ಬೆಲೆಯ ಸುದ್ದಿ, ಉಳಿದದ್ದು ಶೆರೆ ಅಂಗಡಿ. ಆತ್ಮಹತ್ಯೆ ಮಾಡಿಕೊಂಡ ರೈತರಲ್ಲಿ ಗಂಡಸರೇ ಬಹಳ ಹೆಚ್ಚು ಎಂಬುದಕ್ಕೂ ಇದಕ್ಕೂ ಸಂಬಂಧವಿದೆ ಎಂದು ನಾನು ನಂಬಿದ್ದೇನೆ.

ಗಂಡಸರು ಬಾಯಿ ಬಿಡುವುದಿಲ್ಲ ಎಂಬುದೂ ಪೂರ್ತಿ ಸತ್ಯವಲ್ಲ. ಕುಡಿತ ಬಿಡಲು ಬಯಸುವವರ ಗುಂಪು 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರ ಭೇಟಿಯಿಂದ ಆರಂಭವಾಗಿ ಲೋಕವೆಲ್ಲ ಹಬ್ಬಿತು. ನಮ್ಮ ರಾಜ್ಯದಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರ ಮುಗಿಸಿದವರು ನವಜೀವನ ಸಮಿತಿ ಎಂದು ಗುಂಪು ಕಟ್ಟಿಕೊಂಡು ಕೂಡುತ್ತಾರೆ. ಶಿಬಿರದ ದಿನಗಳಲ್ಲಿ ಕುಡಿತ ಬಿಡುವುದು ಕಠಿಣವೇನಲ್ಲ. ಊರಿಗೆ ಬಂದ ಮೇಲೆ ಬಿಟ್ಟದ್ದು ಬಿಟ್ಟಂತೆಯೇ ಉಳಿಯಬೇಕಾದರೆ ತನ್ನಂತೆಯೇ ಬಿಟ್ಟವರ ಸಹವಾಸ ಬೇಕು. ಈ ಗುಂಪುಗಳಲ್ಲಿ ಕುಳಿತು ಮಾತಾಡುವವರು ಗಂಡಸರೇ ಅಲ್ಲವೇ?

ನಮಗೆ ಹೆಚ್ಚು ಹತ್ತಿರದ ಉದಾಹರಣೆ ವಿದರ್ಭದ್ದು. ಅಲ್ಲಿಯೂ ಎರೆ ಭೂಮಿ, ಮಳೆಯ ಬೇಸಾಯ, ಹತ್ತಿ-ಸೋಯಾ-ತೊಗರಿ. ಅಮರಾವತಿ ಜಿಲ್ಲೆಯ 30 ಹಳ್ಳಿಗಳಲ್ಲಿ ವಿಶ್ರಾಮ ಎಂಬ ಹೆಸರಿನ ಕಾರ್ಯಕ್ರಮ ನಡೆಯಿತು. ಹಳ್ಳಿಯ ಮಟ್ಟದ ಕಾರ್ಯಕರ್ತರು ತರಬೇತಿ ಪಡೆದು ಸಣ್ಣ ಸಭೆಗಳಲ್ಲಿ ಚಿಂತೆ-ಖಿನ್ನತೆಯ ಬಗ್ಗೆ ಮಾತು ತೆಗೆದರು, ಕುಗ್ಗಿದವರ ಜೊತೆ ಕುಳಿತರು, ಹೆಚ್ಚಿನ ತೊಂದರೆಯಿದ್ದವರನ್ನು ವೈದ್ಯರ ಬಳಿ ಕಳಿಸಿದರು. 2017ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ ಖಿನ್ನತೆಯಿದ್ದವರಲ್ಲಿ ನೆರವು ಕೇಳಿಕೊಂಡು ಹೋದವರು ಮೊದಲು ಶೇಕಡ 4.3 ಇದ್ದದ್ದು 18 ತಿಂಗಳಲ್ಲಿ ಶೇಕಡ 27.2ಕ್ಕೆ ಏರಿತು. ಇದರರ್ಥ, ಮೊದಲು ನೂರರಲ್ಲಿ ತೊಂಬತ್ತೈದು ಜನ ಯಾರಿಗೂ ಹೇಳದೆ ಕುಳಿತಿದ್ದರು.

ಆಫ್ರಿಕದ ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು 2006ರಲ್ಲಿ ಇನ್ನೂ ಸರಳವಾದದ್ದನ್ನು ಮಾಡಿದರು. ದೇಶದಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟೇ. ಆದ್ದರಿಂದ ಆಸ್ಪತ್ರೆಯ ಹೊರಗೆ ಒಂದು ಕಟ್ಟಿಗೆಯ ಬೆಂಚು ಹಾಕಿಸಿ, ಮೊಮ್ಮಕ್ಕಳನ್ನು ಕಂಡ ಅಜ್ಜಿಯಂದಿರಿಗೆ ತರಬೇತಿ ಕೊಟ್ಟು ಅಲ್ಲಿ ಕೂಡಿಸಿದರು. ಅವರ ಭಾಷೆಯಲ್ಲಿ ಖಿನ್ನತೆಗೆ ಇರುವ ಮಾತಿನ ಅರ್ಥ ಅತಿಯಾಗಿ ವಿಚಾರ ಮಾಡುವುದು. ನಮ್ಮವರೂ ಹಾಗೆಯೇ ಹೇಳುವುದಿಲ್ಲವೇ? 'ಭಾಳ ವಿಚಾರ ಮಾಡ್ಲಿಕತ್ತಾನ್ರೀ, ಅದಕ್ಕ ಹಿಂಗ ಆಗ್ಯಾನ' ಎಂದು. ಬೆಂಚಿನ ಮೇಲೆ ಕೆಲವು ಸಲ ಕುಳಿತು ಚೇತರಿಸಿಕೊಂಡವರು ಆ ಮೇಲೆ ತಮ್ಮಂಥವರ ಗುಂಪು ಸೇರುತ್ತಾರೆ. ಅಲ್ಲಿ ಚೀಲ ಹೆಣೆಯುತ್ತ ಮಾತಾಡುತ್ತಾರೆ. ಈ ಚೀಲ ಹೆಣೆಯುವ ಸಂಗತಿ ನನಗೆ ಬಹಳ ಹಿಡಿಸಿತು. ಮುಖ ನೋಡಿಕೊಂಡು ಕುಳಿತರೆ ಗಂಡಸರ ಬಾಯಿ ಕಟ್ಟುತ್ತದೆ. ಕೈಯಲ್ಲಿ ಹಗ್ಗ ಹೊಸೆಯುವುದೋ, ಬೀಜ ಆರಿಸುವುದೋ ಏನಾದರೊಂದು ಇದ್ದರೆ ಮಾತು ತಾನಾಗಿ ಬರುತ್ತದೆ.

ಇನ್ನು ಕೂಟದಲ್ಲಿ ಕಲಿಯುವುದೇನು ಎಂಬ ಪ್ರಶ್ನೆ. ಬರೀ ದುಃಖ ತೋಡಿಕೊಳ್ಳುವುದಾದರೆ ನಾಲ್ಕನೆಯ ಸಲಕ್ಕೆ ಬೇಸರ ಬರುತ್ತದೆ. ಕಲಿಯಬೇಕಾದ ಮುಖ್ಯ ಕೌಶಲವೆಂದರೆ ಚಿಂತೆಯ ಗಂಟನ್ನು ಬಿಚ್ಚುವುದು. ಒಂದು ಲೆಕ್ಕದಿಂದ ಹೇಳುತ್ತೇನೆ. ಒಬ್ಬ ರೈತ 'ಐದು ಲಕ್ಷ ಸಾಲ ಅದರೀ, ನಾ ಮುಳುಗಿದೆ' ಎನ್ನುತ್ತಾನೆಂದು ಇಟ್ಟುಕೊಳ್ಳಿರಿ. ಅದು ಅವನ ಮನಸ್ಸಿನಲ್ಲಿ ಒಂದೇ ಬಂಡೆಗಲ್ಲು. ಕೂಟದವರು ಕಾಗದ ತೆಗೆದುಕೊಂಡು ಬರೆಯಿಸುತ್ತಾರೆ. ಸೊಸೈಟಿಯ ಬೆಳೆ ಸಾಲ 1,50,000. ಬಂಗಾರ ಒತ್ತೆಯಿಟ್ಟದ್ದು 80,000. ಅಡತಿ ಅಂಗಡಿಯದು 1,20,000. ಗೊಬ್ಬರದಂಗಡಿಯ ಉದ್ರಿ 60,000. ಹೆಂಡತಿಯ ಅಣ್ಣನ ಕೈಗಡ 50,000. ಕೂಡಿಸಿದರೆ 4,60,000. ಐದು ಲಕ್ಷವಲ್ಲ! ಸೊಸೈಟಿಯದು ಗಡುವಿನೊಳಗೆ ತೀರಿಸಿದರೆ ಬಡ್ಡಿಯಿಲ್ಲ. ಕೈಗಡ ಕೊಟ್ಟವನು ಕೇಳಿಯೇ ಇಲ್ಲ. ಕೇಳುವನೆಂಬ ಅಂಜಿಕೆ ಮಾತ್ರ. ಅಡತಿಯದು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ, ಅಂದರೆ ತಿಂಗಳಿಗೆ 3,600, ವರ್ಷಕ್ಕೆ 43,200 ಬಡ್ಡಿ. ರಕ್ತ ಹೀರುತ್ತಿರುವುದು ಇದು. ಆದರೆ ಅವನಿಗೆ ರಾತ್ರಿ ನಿದ್ದೆ ಕೆಡಿಸುತ್ತಿರುವುದು ಇದಲ್ಲ. ಗೊಬ್ಬರದಂಗಡಿಯವನು ಪೇಟೆಯಲ್ಲಿ ನಾಲ್ಕು ಜನರೆದುರು ಕೇಳಿದ್ದು. ಮಾನ ಹೋಯಿತೆಂಬ ಸಂಕಟ ಒಂದು, ಬಡ್ಡಿಯ ಸಂಕಟ ಇನ್ನೊಂದು. ಎರಡಕ್ಕೂ ಮದ್ದು ಬೇರೆ. ಮುಂದಿನ ಹದಿನೈದು ದಿನಕ್ಕೆ ಒಂದೇ ಕೆಲಸ ಗೊತ್ತುಮಾಡುತ್ತಾರೆ: ಕೂಟದ ಒಬ್ಬ ಹಿರಿಯರು ಜೊತೆಗೆ ಹೋಗಿ ಅಂಗಡಿಯವನ ಬಳಿ ಕಂತು ಮಾತಾಡಿ ಬರುವುದು. ಅಡತಿಯ ಮಾತು ಅದರ ಮುಂದಿನ ಸಲ. ಸಾಲ ಅಂದು ಒಂದು ಪೈಸೆಯೂ ಕಡಿಮೆಯಾಗಲಿಲ್ಲ. ಆದರೆ ಬಂಡೆಗಲ್ಲು ಐದು ತುಂಡಾಯಿತು, ಒಂದು ತುಂಡಿಗೆ ಕೈ ಹಚ್ಚಿದಂತಾಯಿತು. ವೈದ್ಯಶಾಸ್ತ್ರದಲ್ಲಿ ಸಮಸ್ಯೆ ಬಿಡಿಸುವ ಚಿಕಿತ್ಸೆ ಎಂದು ಕರೆಯುವುದು ಇದನ್ನೇ. ಜಿಂಬಾಬ್ವೆಯ ಅಜ್ಜಿಯಂದಿರು ಮಾಡುವುದೂ ಇದನ್ನೇ.

ಎರಡನೆಯ ಕೌಶಲ, ಮನಸ್ಸು ಒಲ್ಲೆನೆಂದರೂ ಕೈಗೆ ಸಣ್ಣ ಕೆಲಸ ಕೊಡುವುದು. ಕುಗ್ಗಿದವನು ಮೊದಲು ಹೊಲಕ್ಕೆ ಹೋಗುವುದನ್ನು ಬಿಡುತ್ತಾನೆ, ಆ ಮೇಲೆ ಭಜನೆಗೆ ಹೋಗುವುದನ್ನು, ಕಡೆಗೆ ಸ್ನಾನವನ್ನೂ. ಬಿಟ್ಟಷ್ಟೂ ಇನ್ನಷ್ಟು ಕುಗ್ಗುತ್ತಾನೆ. ಮನಸ್ಸು ಸರಿಹೋದ ಮೇಲೆ ಕೆಲಸ ಎಂದು ಕಾಯಬಾರದು. ಎತ್ತಿಗೆ ನೀರು ಕುಡಿಸುವುದು, ಬದುವಿನವರೆಗೆ ನಡೆದು ಬರುವುದು, ಇಂಥ ಒಂದೆರಡನ್ನು ಗೊತ್ತು ಹಚ್ಚಿಕೊಂಡು ಮಾಡಬೇಕು. ಗೋವಾದಲ್ಲಿ ವೈದ್ಯರಲ್ಲದ ಸಲಹೆಗಾರರ ಮೂಲಕ ಇದೇ ತತ್ವದ ಚಿಕಿತ್ಸೆ ನಡೆಸಿ ಒಳ್ಳೆಯ ಫಲ ಕಂಡದ್ದು 2017ರಲ್ಲಿ ಪ್ರಕಟವಾಗಿದೆ. ನಿದ್ದೆಯ ಹೊತ್ತು ತಪ್ಪಿಸದಿರುವುದು, ಎದೆ ಬಡಿತ ಹೆಚ್ಚಾದಾಗ ನಿಧಾನವಾಗಿ ಉಸಿರು ಬಿಡುವುದು ಮೊದಲಾದವು ಎಲ್ಲರಿಗೂ ತಿಳಿದವೇ, ಹೆಚ್ಚು ಬರೆಯುವುದಿಲ್ಲ.

ಕೇಳುವುದೂ ಕಲಿಯಬೇಕಾದ ವಿದ್ಯೆ. 'ಏ ಬಿಡೋ, ಗಂಡ್ಸಾಗಿ ಹಿಂಗ ಅಳ್ತೀ ಏನು, ಎಲ್ಲಾರಿಗೂ ಬಂದದ್ದ ಅದ' ಎಂದರೆ ಹೇಳುವವನ ಬಾಯಿ ಅಲ್ಲಿಗೇ ಮುಚ್ಚಿತು. 'ಎಷ್ಟ ದಿನಾ ಆಯ್ತಣ್ಣಾ, ನಿದ್ದಿ ಇಲ್ಲದ?' 'ಮನ್ಯಾಗ ಯಾರಿಗರೆ ಹೇಳೀದಿ ಏನು?' ಎಂದು ಕೇಳಿ ಸುಮ್ಮನಾಗಬೇಕು. ಸುಮ್ಮನಿರುವುದು ಕಠಿಣ. ನಮ್ಮಂಥ ವಿಸ್ತರಣಾ ಕೆಲಸದವರಿಗಂತೂ ಅತಿ ಕಠಿಣ. ಪ್ರಶ್ನೆ ಮುಗಿಯುವ ಮೊದಲೇ ಶಿಫಾರಸು ಹೇಳುವುದು ನಮಗೆ ರೂಢಿ.

ಕೂಟಕ್ಕೆ ಕೆಲವು ಕಟ್ಟುಗಳು ಬೇಕು. ಒಳಗೆ ಆಡಿದ ಮಾತು ಹೊರಗೆ ಹೋಗಬಾರದು, ಹೆಂಡತಿಯ ಮುಂದೆ ಕೂಡ. ಹಳ್ಳಿಯಲ್ಲಿ ಇದು ಸುಲಭವಲ್ಲವೆಂದು ನನಗೆ ಗೊತ್ತು. ಒಂದು ಸಲ ಮಾತು ಸೋರಿದರೆ ಆ ಕೂಟ ಮುಗಿದಂತೆ. ಆದ್ದರಿಂದ ಸೋರಿಸಿದವನನ್ನು ಬಿಡಿಸುವ ಧೈರ್ಯ ಉಳಿದವರಿಗಿರಬೇಕು. ಸಾಲ ಕೊಡುವವರು, ಅವರ ಮನುಷ್ಯರು, ಪಂಚಾಯತಿಯ ಮುಖಂಡರು, ಅಧಿಕಾರಿಗಳು ಕೂಟದಲ್ಲಿ ಬೇಡ. ಕೂಟದೊಳಗೆ ಹಣದ ಕೊಡು-ಕೊಳ್ಳು ಬೇಡ. ಒಬ್ಬನು ಇನ್ನೊಬ್ಬನಿಗೆ ಸಾಲಗಾರನಾದ ದಿನ ಮನಸ್ಸು ಬಿಚ್ಚುವುದು ನಿಲ್ಲುತ್ತದೆ. ಕುಡಿದು ಬಂದವನನ್ನು ಅಂದು ಮನೆಗೆ ಕಳಿಸಿ ಮುಂದಿನ ಸಲ ಬರಹೇಳಬೇಕು. ಲಾವಣಿಗೆ ಹೊಲ ಮಾಡುವವರನ್ನು ಮರೆಯಬಾರದು. ಪಹಣಿಯಲ್ಲಿ ಹೆಸರಿಲ್ಲದ್ದರಿಂದ ಪರಿಹಾರ, ವಿಮೆ, ಬ್ಯಾಂಕು ಯಾವುದರಲ್ಲಿಯೂ ಅವರು ಸುಲಭಕ್ಕೆ ಲೆಕ್ಕಕ್ಕೆ ಸಿಗುವುದಿಲ್ಲ. ಹೊಲದ ಧಣಿ ಕುಳಿತ ಕೂಟದಲ್ಲಿ ಅವರು ಬಾಯಿ ಬಿಡುವುದೂ ಇಲ್ಲ; ಅವರಿಗೆ ತಮ್ಮದೇ ಕೂಟ ಇರಲಿ. ಪುಣೆ-ಮುಂಬಯಿಗೆ ದುಡಿಯಲು ಹೋಗಿ ಬರುವವರದೂ ಹಾಗೆಯೇ. ಜಾತಿಯ ವಿಷಯದಲ್ಲಿ ನನ್ನ ಸಲಹೆ ಇಷ್ಟು: ಯಾರ ಮನೆಯಲ್ಲೂ ಕೂಡ್ರಬೇಡಿರಿ. ಶಾಲೆಯ ಜಗಲಿ, ಹೊಲದ ಬೇವಿನ ಮರ, ಎಲ್ಲರೂ ಒಂದೇ ಸಮನಾಗಿ ಬಂದು ಕೂಡ್ರಬಹುದಾದ ಜಾಗ ಆರಿಸಿರಿ.

ಮಾತಿನಿಂದ ಬೆಲೆ ಬರುತ್ತದೆಯೇ, ಮಳೆ ಬರುತ್ತದೆಯೇ ಎಂದು ಕೇಳುವವರಿದ್ದಾರೆ. ಬರುವುದಿಲ್ಲ. 2025-26ನೇ ಸಾಲಿನ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಅದು ಕೈಗೆ ಬರಬೇಕಾದರೆ ಖರೀದಿ ಕೇಂದ್ರ ಸಕಾಲಕ್ಕೆ ತೆರೆಯಬೇಕು. ಅದಕ್ಕಾಗಿ ಹೋರಾಟ ಮಾಡಬೇಕು. ಮನೆಯಲ್ಲಿ ಮುಸುಕು ಹೊದ್ದು ಮಲಗಿದವನು ಹೋರಾಟಕ್ಕೂ ಬರುವುದಿಲ್ಲ, ನೋಂದಣಿ ಮಾಡಿಸಲೂ ಹೋಗುವುದಿಲ್ಲ. 1997-98ರ ಹಾವಳಿಯ ಕಾಲಕ್ಕೆ ತೊಗರಿ ಗಿಡ ಅಲುಗಿಸಿ ಹುಳು ಉದುರಿಸುವ ಹಳೆಯ ಉಪಾಯವನ್ನು ಇಲ್ಲಿಯ ರೈತರು ಮತ್ತೆ ಕೈಗೊಂಡರು. ಇಬ್ಬರು ಕೆಳಗೆ ಹಾಳೆ ಹಿಡಿದು ಎಳೆಯಬೇಕು, ಒಬ್ಬರು ಗಿಡ ಅಲುಗಿಸಬೇಕು. ಒಬ್ಬನೇ ಮಾಡಹೋದರೆ ಉದುರಿದ ಹುಳು ಮತ್ತೆ ಗಿಡಕ್ಕೇ ಹತ್ತುತ್ತದೆ.

ಕೂಟದ ಅಳವಿಗೆ ಮೀರಿದ ಸಂಗತಿಗಳೂ ಇವೆ. ಇದನ್ನು ಸ್ಪಷ್ಟವಾಗಿ ಹೇಳದೆ ಹೋದರೆ ಈ ಲೇಖನದಿಂದ ಅಪಾಯವೇ ಹೆಚ್ಚು. ವಾರಗಟ್ಟಲೆ ನಿದ್ದೆ-ಊಟ ಇಲ್ಲದವನು, ಯಾರ ಕೂಡ ಮಾತಾಡದವನು, ಇದ್ದಕ್ಕಿದ್ದಂತೆ ಲೆಕ್ಕಪತ್ರ ಒಪ್ಪಿಸಿ 'ಮಕ್ಕಳ್ನ ನೋಡ್ಕೋರಿ' ಎನ್ನುವವನು ಕಂಡರೆ ನೇರವಾಗಿ ಕೇಳಬೇಕು: 'ಅಣ್ಣಾ, ಜೀವಾನೇ ಬ್ಯಾಡ ಅಂತ ಅನಸ್ಲಿಕತ್ತದೇನು?' ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಅಂಜಿಕೆ ಬೇಡ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಹೇಳಿಕೊಂಡವನಿಗೆ ಹಗುರಾಗುತ್ತದೆ ಎಂದು ತಜ್ಞರು ಕಂಡಿದ್ದಾರೆ. ಹೌದೆಂದರೆ ಅವನನ್ನು ಒಬ್ಬನೇ ಬಿಡಬಾರದು. ಮನೆಯಲ್ಲಿನ ಕೀಟನಾಶಕಗಳನ್ನು ಅಂದೇ ಬೇರೆಡೆಗೆ ಸಾಗಿಸಬೇಕು. ಈ ವಿಷಯದಲ್ಲಿ ಶ್ರೀಲಂಕದ ಅನುಭವ ದೊಡ್ಡದು. 1995ರಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ಅಲ್ಲಿ ಹಂತ ಹಂತವಾಗಿ ನಿಷೇಧಿಸಿದ ಮೇಲೆ ಆತ್ಮಹತ್ಯೆಗಳು ಬಹಳ ಕಡಿಮೆಯಾದವು. ಆ ಒಂದು ಗಳಿಗೆ ದಾಟಿದರೆ ಬದುಕಿ ಉಳಿಯುವವರೇ ಹೆಚ್ಚು. ಸಿಂಪರಣೆಗೆ ಬೇಕಾದಷ್ಟೇ ಔಷಧಿ ತರುವುದು, ಉಳಿದದ್ದನ್ನು ಮನೆಯ ಹೊರಗೆ ಕೀಲಿ ಹಾಕಿದ ಪೆಟ್ಟಿಗೆಯಲ್ಲಿ ಇಟ್ಟು ಕೀಲಿಯನ್ನು ಬೇರೆಯವರ ಕೈಯಲ್ಲಿ ಕೊಡುವುದು, ಇದನ್ನು ಪ್ರತಿ ಕೂಟವೂ ತನ್ನ ಮೊದಲ ನಿಯಮವಾಗಿ ಮಾಡಿಕೊಳ್ಳಲಿ.

ಆ ಮೇಲೆ ವೈದ್ಯರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಮಾನಸಿಕ ಚಿಕಿತ್ಸೆ ಸಿಗುವಂತೆ ಮಾಡಿ ತೋರಿಸಿದರು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಮನೋವೈದ್ಯರು ತಾಲ್ಲೂಕಿಗೆ ಬರುವ ದಿನವನ್ನು ನಿಮ್ಮ ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿದಿರಿ. ಯಾವ ಹೊತ್ತಿನಲ್ಲಾದರೂ 14416ಕ್ಕೆ ಫೋನ್ ಮಾಡಿದರೆ ಟೆಲಿ-ಮಾನಸ್ ಸಹಾಯವಾಣಿಯವರು ಕನ್ನಡದಲ್ಲಿಯೇ ಮಾತಾಡುತ್ತಾರೆ, ಖರ್ಚಿಲ್ಲ. ಪೊಲೀಸ್ ಪ್ರಕರಣವಾದೀತೆಂದು ಆಸ್ಪತ್ರೆಗೆ ಒಯ್ಯಲು ಹಿಂಜರಿಯುವವರು ಈಗಲೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಜೀವ ಕಳೆದುಕೊಳ್ಳಲು ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ತಿಳಿಯಬೇಕು, ಶಿಕ್ಷಿಸುವಂತಿಲ್ಲ.

ಹೊಸ ತಳಿಯನ್ನು ಮೊದಲು ಅರ್ಧ ಎಕರೆಯಲ್ಲಿ ಬಿತ್ತಿ ನೋಡುವುದು ರೈತನ ಜಾಣತನ. ಇದನ್ನೂ ಒಂದು ಹಂಗಾಮು ನೋಡಿರಿ. ಎಳ್ಳಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಹೇಗೂ ಹತ್ತು ಮನೆಯವರು ಕೂಡುತ್ತಾರೆ. ಸಜ್ಜಿ ರೊಟ್ಟಿ, ಭಜ್ಜಿ ಉಂಡ ಮೇಲೆ ಮಾತು ತೆಗೆಯಬಹುದು. ಅಲ್ಲಿಂದ ಯುಗಾದಿಯವರೆಗೆ ಹದಿನೈದು ದಿನಕ್ಕೊಮ್ಮೆ ಎಂದರೆ ಆರು ಬೈಠಕ್ಕುಗಳಾಗುತ್ತವೆ. ಯಾರು ಮಾತು ಆರಂಭಿಸಬೇಕು, ಹೇಗೆ ಆರಂಭಿಸಬೇಕು ಎಂದು ತಿಳಿಯದಿದ್ದರೆ ಮೊದಲ ಎರಡು ಬೈಠಕ್ಕಿಗೆ ಜೊತೆಗಿರಲು ಕೃಷಿ ವಿಜ್ಞಾನ ಕೇಂದ್ರದವರನ್ನೋ ಜಿಲ್ಲಾ ಆಸ್ಪತ್ರೆಯ ಆಪ್ತಸಮಾಲೋಚಕರನ್ನೋ ಕೇಳಿರಿ. ಮೂರನೆಯದಕ್ಕೆ ನಮ್ಮನ್ನು ಯಾರನ್ನೂ ಕರೆಯಬೇಡಿರಿ.